ಹತ್ತೊಂಬತ್ತು ವಿಲಿಯಂ ಸ್ಲೇಟರ್‌ಗಳ ನಡುವೆ

ಬೆಳಗಿನ ಐದೂವರೆ. ಕಡಲದಂಡೆಯ ಮೀನುಗಾರರ ಊರು ಪೋರ್ಟ್ ಗಾರ್ವಿಯ ಹಳೆಯ ಚರ್ಚಿನ ಹಿಂದಿರುವ ಸ್ಮಶಾನದಲ್ಲಿ ಎಲ್ಸ್‌ಪೆಟ್ ಮೇರ್ ಮಡಚಿದ ಗೋಣಿಯ ಮೇಲೆ ಮಂಡಿಯೂರಿ ಕೂತಿದ್ದಾರೆ. ಪಕ್ಕದಲ್ಲಿ ಒಂದು ಬಕೆಟ್ ನೀರು, ಮೆತ್ತನೆಯ ಬ್ರಷ್ಷು. ಸೂರ್ಯ ಸಮುದ್ರದಿಂದ ಗೇಣುದ್ದ ಮೇಲೆ ಬಂದಾಗ ಬೆಳಕು ಗೋರಿಕಲ್ಲುಗಳ ಮೇಲೆ ಓರೆಯಾಗಿ ಬೀಳುತ್ತದೆ. ಉಪ್ಪುಗಾಳಿಗೆ ಸವೆದ ಅಕ್ಷರಗಳು ಓದಲು ಸಿಗುವುದು ಆ ಇಪ್ಪತ್ತು ನಿಮಿಷ ಮಾತ್ರ.

“ಒಂಬತ್ತು ಗಂಟೆಗೆ ಬರೋರಿಗೆ ಇಲ್ಲೇನೂ ಕಾಣಲ್ಲ. ಬರ್ತಾರೆ, ಫೋಟೋ ತಕ್ಕೋತಾರೆ, ನಮ್ಮೋರು ಯಾರೂ ಇಲ್ಲ ಅಂತ ಹೋಗ್ತಾರೆ,” ಎನ್ನುತ್ತಾರೆ ಎಲ್ಸ್‌ಪೆಟ್, ಕಲ್ಲಿಗೆ ನೀರು ಹಾಯಿಸುತ್ತಾ.

ಅವರಿಗೀಗ ಎಪ್ಪತ್ನಾಲ್ಕು. ಮೂವತ್ತೆಂಟು ವರ್ಷ ಮೀನು ಕಾರ್ಖಾನೆಯಲ್ಲಿ ನಿಂತು ಹ್ಯಾಡಕ್ ಮೀನಿನ ಮುಳ್ಳು ಬಿಡಿಸಿದವರು. ಮಂಜುಗಡ್ಡೆಯ ನೀರಿನಲ್ಲಿ ನೆನೆನೆನೆದು ಬೆರಳುಗಳು ಸೊಟ್ಟಗಾಗಿವೆ, ಪೆನ್ನು ಹಿಡಿಯಲು ಎರಡೂ ಕೈ ಬೇಕು. ಅದೇ ಕೈಯಲ್ಲಿ ವಾರಕ್ಕೆ ಆರು ಕಾಗದ ಬರೆಯುತ್ತಾರೆ, ಕೆನಡಾಕ್ಕೆ, ನ್ಯೂಜಿಲೆಂಡಿಗೆ, ಎಲ್ಲೆಲ್ಲಿಗೋ. “ನಮ್ಮ ಹಿರಿಯರು ನಿಮ್ಮೂರಿನವರಂತೆ, ಯಾರೆಂದು ಹೇಳುತ್ತೀರಾ?” ಎಂದು ಕೇಳಿದವರಿಗೆ ಉತ್ತರ. ಇದಕ್ಕೆ ಅವರು ಯಾರಿಂದಲೂ ಏನೂ ಪಡೆಯುವುದಿಲ್ಲ. ಊರು ಅವರನ್ನು ಗಮನಿಸಿಯೂ ಇಲ್ಲ. ಚರ್ಚನ್ನು ಯಾರೋ ಬೇಸಿಗೆಮನೆ ಮಾಡಿಕೊಂಡಿದ್ದಾರೆ, ಅವರ ಪಾಲಿಗೆ ಎಲ್ಸ್‌ಪೆಟ್ ಬೆಳಗಾಗುತ್ತಲೇ ಬಕೆಟ್ ಸದ್ದು ಮಾಡುವ ಮುದುಕಿ.

ಈ ಊರಿನಲ್ಲಿ ಪೂರ್ವಜರನ್ನು ಹುಡುಕುವುದು ಹುಡುಗಾಟವಲ್ಲ. ಇರುವುದೇ ನಾಲ್ಕು ಮನೆತನದ ಹೆಸರು. ಮೊದಲ ಮಗನಿಗೆ ಅಪ್ಪನ ಅಪ್ಪನ ಹೆಸರು, ಎರಡನೆಯವನಿಗೆ ಅಮ್ಮನ ಅಪ್ಪನ ಹೆಸರು ಇಡುವುದು ರೂಢಿ. ಹೀಗಾಗಿ 1851ರ ಜನಗಣತಿಯಲ್ಲಿ ಒಂದೇ ಬೀದಿಯಲ್ಲಿ ಹತ್ತೊಂಬತ್ತು ವಿಲಿಯಂ ಸ್ಲೇಟರ್‌ಗಳು ಸಿಗುತ್ತಾರೆ. ಅದಕ್ಕೇ ಪ್ರತಿ ಮನೆಗೂ ಒಂದು ಅಡ್ಡಹೆಸರು: ಬೋಸಿ, ಶೇವಿ, ಕಿಂಗ್, ಡಂಪಿ. ಚರ್ಚಿನ ಗುಮಾಸ್ತ ಮನಸ್ಸಾದ ದಿನ ಅದನ್ನು ದಾಖಲೆಯಲ್ಲಿ ಬರೆದ, ಇಲ್ಲದ ದಿನ ಬಿಟ್ಟ. ಎಲ್ಸ್‌ಪೆಟ್ ಮೂವತ್ತೊಂದು ವರ್ಷದಲ್ಲಿ ಅಂಥ ನಾನೂರ ಹನ್ನೆರಡು ಅಡ್ಡಹೆಸರು ಕೂಡಿಸಿದ್ದಾರೆ. ಒಂದೊಂದಕ್ಕೂ ಒಂದು ಕಾರ್ಡು, ಎಲ್ಲವೂ ಬಿಸ್ಕತ್ತಿನ ಡಬ್ಬಗಳಲ್ಲಿ.

ಆ ಡಬ್ಬಗಳನ್ನೇ ಈಗ ಅವರು ನಂಬುತ್ತಿಲ್ಲ.

ಕೆನಡಾದ ರಸೆಲ್ ಸ್ಲೇಟರ್ ರೈಲ್ವೆಯಲ್ಲಿ ದುಡಿದು ನಿವೃತ್ತರಾದವರು. ಅವರ ಮುತ್ತಜ್ಜ ಜೇಮ್ಸ್ ಇಲ್ಲಿಂದ ಹಡಗು ಹತ್ತಿದವನು. ಜೇಮ್ಸ್‌ನ ಅಪ್ಪ ಈ ಹತ್ತೊಂಬತ್ತರಲ್ಲಿ ಯಾವ ವಿಲಿಯಂ? ಎಲ್ಸ್‌ಪೆಟ್ ಎರಡು ವರ್ಷ ಹುಡುಕಿ, ಜನಗಣತಿಯಲ್ಲಿ ನಾಲ್ಕು ವರ್ಷದ ಜೇಮ್ಸ್‌ನನ್ನು ವಿಲಿಯಂ ಸ್ಲೇಟರ್ ಬೋಸಿಯ ಮಗನೆಂದು ಬರೆದದ್ದನ್ನು ತೋರಿಸಿದರು. ಬೋಸಿಯ ಗೋರಿಯನ್ನೂ ತೋರಿಸಿದರು. ಅಂದು ರಸೆಲ್ ಆ ಕಲ್ಲಿಗೆ ಕೈಯಿಟ್ಟು ಅತ್ತರು. ಆಮೇಲೆ ವರ್ಷ ಬಿಟ್ಟು ವರ್ಷ ಬಂದರು, ಎಲ್ಸ್‌ಪೆಟ್ ಅವರ ಅಡುಗೆಮನೆಯಲ್ಲಿ ಹೊಗೆಮೀನಿನ ಸಾರು ಉಂಡರು. ಸಾಯುವ ಮುಂಚೆ ಕೇಳಿದ್ದು ಒಂದೇ, ತಮ್ಮ ಬೂದಿ ಬೋಸಿಯ ಗೋರಿಯಲ್ಲೇ ಸೇರಬೇಕು. ಹೋದ ಸೆಪ್ಟೆಂಬರಿನಲ್ಲಿ ಮಗ ಡ್ಯಾರೆಲ್ ಅದನ್ನು ತಂದು ಹೂಳಿದರು.

ಅದೇ ವಾರ, ನೆಂಟಸ್ತನಕ್ಕೆ ಒಂದು ಗುರುತಿರಲಿ ಎಂದು, ಡ್ಯಾರೆಲ್ ಮತ್ತು ಬೋಸಿ ಮನೆಯ ಈಗಿನ ಕುಡಿ ಆಂಡ್ರಾ ಡಿಎನ್‌ಎ ಪರೀಕ್ಷೆಗೆ ಎಂಜಲು ಕೊಟ್ಟರು. ಏಡಿ ಹಿಡಿಯುವ ಆಂಡ್ರಾ ಅದನ್ನೊಂದು ತಮಾಷೆ ಎಂದುಕೊಂಡಿದ್ದ. ನವೆಂಬರಿನಲ್ಲಿ ಉತ್ತರ ಬಂತು. ಗಂಡು ಸಂತತಿಯ ಕಡೆಯಿಂದ ಇಬ್ಬರಿಗೂ ಯಾವ ಸಂಬಂಧವೂ ಇಲ್ಲ.

ಎಲ್ಸ್‌ಪೆಟ್ ಒಂಬತ್ತು ದಿನ ಎರಡೆರಡು ಬಸ್ಸು ಹಿಡಿದು ದಾಖಲೆ ಕಚೇರಿಗೆ ಹೋದರು. ತಪ್ಪು ಸಿಕ್ಕಿತು. 1850ರ ಮದುವೆಯ ಒಂದು ಸಾಲು: ವಿಲಿಯಂ ಸ್ಲೇಟರ್, ಮಾರ್ಗರೆಟ್ ಸ್ಲೇಟರ್, ಮುಳುಗಿದ ವಿಲಿಯಂ ಸ್ಲೇಟರ್‌ನ ವಿಧವೆ. ಮಾರ್ಗರೆಟ್‌ಳ ಮಗ ಜೇಮ್ಸ್ ಆಗಲೇ ಮೂರು ವರ್ಷದವನು. ಅವನ ಹೆತ್ತಪ್ಪ, ಇನ್ನೊಬ್ಬ ವಿಲಿಯಂ ಸ್ಲೇಟರ್, 1848ರ ಆಗಸ್ಟ್ ಬಿರುಗಾಳಿಯಲ್ಲಿ ಮುಳುಗಿದ್ದ. ವಿಧವೆ ಅದೇ ಹೆಸರಿನ ಬೋಸಿಯನ್ನು ಕಟ್ಟಿಕೊಂಡಳು, ಮಗು ಬೋಸಿ ಮನೆಯ ಮಗುವಾಯಿತು. ಹೆಣ ಸಿಗದವನಿಗೆ ಗೋರಿಯಿಲ್ಲ. ಸರ್ಕಾರ ಸಾವುಗಳನ್ನು ಬರೆಯತೊಡಗಿದ್ದು ಅದಾಗಿ ಏಳು ವರ್ಷಕ್ಕೆ, ಹಾಗಾಗಿ ಸಾವಿನ ದಾಖಲೆಯೂ ಇಲ್ಲ.

“ಆ ಸಾಲನ್ನ ನಾನು ಮೊದಲೇ ಓದಿದ್ದೆ,” ಎನ್ನುತ್ತಾರೆ ಎಲ್ಸ್‌ಪೆಟ್. “ಬೇರೆ ಯಾರದೋ ಮದುವೆ ಅಂತ ಪುಟ ತಿರುವಿದೆ. ಅಡ್ಡಹೆಸರು ರಕ್ತದ ಜೊತೇಲೇ ಬರುತ್ತೆ ಅಂತ ನಂಬಿದ್ದೆ ನೋಡು. ಅದು ಬರೋದು ಅನ್ನ ಹಾಕಿದ ಮನೆಯಿಂದ. ಇದೇ ಊರಲ್ಲಿ ಹುಟ್ಟಿ, ಅಷ್ಟೂ ಗೊತ್ತಾಗ್ಲಿಲ್ಲ ನಂಗೆ.”

ಆ ಬಿರುಗಾಳಿಯಾದ ಮೇಲೆ ಮರುಮದುವೆಯಾದ ವಿಧವೆಯರು ಒಬ್ಬಿಬ್ಬರಲ್ಲ. ಚಳಿಗಾಲವಿಡೀ ಕಾರ್ಡುಗಳನ್ನು ಮತ್ತೆ ತೆಗೆದು ನೋಡಿದ್ದಾರೆ. ಆರು ಕುಟುಂಬಗಳಿಗೆ ತಾವು ಕೊಟ್ಟ ವಂಶವೃಕ್ಷದ ಮೇಲೂ ಅನುಮಾನ ಬಂದಿದೆ. ಆರೂ ಮನೆಗೆ ಕಾಗದ ಹಾಕಿದರು. ಉತ್ತರ ಬಂದದ್ದು ಒಂದೇ ಮನೆಯಿಂದ: “ಅದನ್ನು ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದೇವೆ. ಈಗ ಹೀಗೆಲ್ಲ ಬರೆಯಬೇಡಿ.”

ಏಡಿ ಬುಟ್ಟಿಗಳನ್ನು ಇಳಿಸಿ ಬಂದ ಆಂಡ್ರಾ ಸ್ಮಶಾನದ ಗೋಡೆಗೆ ಮೊಣಕೈಯೂರಿ ನಿಲ್ಲುತ್ತಾನೆ.

“ಇನ್ನೂ ಅದೇ ಕೊರಗಾ ಎಲ್ಸ್‌ಪೆಟ್? ನಮ್ಮ ಮುದುಕನ ಪಕ್ಕ ಇನ್ನೊಬ್ಬ ಮಲಗಿದ್ರೆ ಅವನೇನು ಬೈತಾನಾ? ಸಾಕಿದೋನು ತಾನೇ.”

“ನಿಮ್ಮ ಮುದುಕ ಬೈಯಲ್ಲ ಕಣೋ. ರಸೆಲ್ ಬೈತಿದ್ದ. ಅವನು ಬಂದಿದ್ದು ಸಾಕಿದೋನ್ನ ಹುಡುಕ್ಕೊಂಡಲ್ಲ.”

“ಅವನಿಗೀಗ ಗೊತ್ತಾಗಲ್ಲ, ಬಿಡೇ.”

“ನಂಗೆ ಗೊತ್ತಲ್ಲ.”

ಆಂಡ್ರಾ ತಲೆ ಕೆರೆದುಕೊಂಡು, ಎರಡು ಏಡಿ ಗೋಡೆಯ ಮೇಲಿಟ್ಟು ಹೋಗುತ್ತಾನೆ. ಅವನಿಗೆ ಬೇಸರವಿಲ್ಲವೆಂದಲ್ಲ. ಮೂವತ್ತೊಂದು ವರ್ಷದ ದುಡಿಮೆ ಹೀಗೆ ಕೈಯಲ್ಲೇ ಮುರಿದವರನ್ನು ಸಮಾಧಾನ ಮಾಡಲು ಯಾರಿಂದ ಆದೀತು?

ಡ್ಯಾರೆಲ್‌ನ ಕಾಗದ ಜನವರಿಯಿಂದ ಎಲ್ಸ್‌ಪೆಟ್ ಅವರ ಕೋಟಿನ ಜೇಬಿನಲ್ಲಿದೆ. ಅದರಲ್ಲಿ ಸಿಟ್ಟಿಲ್ಲ. ಅಪ್ಪ ಅಲ್ಲೇ ಇರಲಿ, ಮುಳುಗಿದವನಿಗೂ ಪಕ್ಕದಲ್ಲಿ ಒಂದು ಕಲ್ಲು ನಿಲ್ಲಿಸೋಣ, ಏನು ಕೆತ್ತಿಸಬೇಕು ತಿಳಿಸಿ, ಎಂದಷ್ಟೇ ಇದೆ. ಇದು ಮೇ ತಿಂಗಳು. ನಾಲ್ಕು ತಿಂಗಳಾದರೂ ಅವರು ಉತ್ತರ ಬರೆದಿಲ್ಲ.

“ಏನಂತ ಬರೀಲಿ?” ಬ್ರಷ್ಷು ಬಕೆಟ್ಟಿಗೆ ಹಾಕಿ ಎಲ್ಸ್‌ಪೆಟ್ ಕೇಳುತ್ತಾರೆ. “ವಿಲಿಯಂ ಸ್ಲೇಟರ್, ಮೀನುಗಾರ ಅಂತ ಕೆತ್ತಿದ್ರೆ ಅದು ಬೋಸಿ ಕಲ್ಲಿನ ಮೇಲೂ ಇದೆ, ಇನ್ನೂ ಎಂಟು ಕಲ್ಲಿನ ಮೇಲೂ ಇದೆ. ಇವನು ಯಾರು ಅಂತ ಹೇಗೆ ಗೊತ್ತಾಗ್ಬೇಕು? ಇವನಿಗೂ ಒಂದು ಅಡ್ಡಹೆಸರು ಇದ್ದೇ ಇತ್ತು. ಆವತ್ತು ದಡದಲ್ಲಿ ನಿಂತು ಮಾರ್ಗರೆಟ್ ಅದೇ ಹೆಸರು ಹಿಡಿದು ಕೂಗಿರ್ತಾಳೆ. ನಾನೂರ ಹನ್ನೆರಡು ಹೆಸರು ಇಟ್ಕೊಂಡಿದೀನಿ ಮನೇಲಿ. ಅದೊಂದು ನಂಗೆ ಗೊತ್ತಿಲ್ಲ.”