ಅಪ್ಪನ ಕಾರಿಗೆ ನಾನೇ ಕೂರಿಸಿದ ಕ್ಯಾಮೆರಾ

ನನ್ನ ಅಪ್ಪ ಬಾಗಿಲು ಹಾಕುವುದೆಂದರೆ ಬಡಿಯುವುದೇ. ಕಾರಿನದ್ದಾಗಲಿ, ಕಪಾಟಿನದ್ದಾಗಲಿ, ಒಂದೇ ಹೊಡೆತ. "ಹದಿಮೂರು ವರ್ಷದ ಗಾಡಿ ಅಪ್ಪಾ, ಬಾಗಿಲು ಕಿತ್ತು ಕೈಗೆ ಬರ್ತದೆ" ಅಂತ ನಾನು ಸಾವಿರ ಸಲ ಹೇಳಿದ್ದೇನೆ. "ಹಾಗೆ ಹಾಕದಿದ್ದರೆ ಅದು ಕೂರುವುದಿಲ್ಲ ಮಗಾ" ಅಂತ ಅವರೂ ಸಾವಿರ ಸಲ ಹೇಳಿದ್ದಾರೆ. ಈ ಬಡಿತದ ವಿಷಯ ಮುಂದೆ ಬೇಕಾಗುತ್ತದೆ, ಅದಕ್ಕೇ ಮೊದಲೇ ಹೇಳಿಟ್ಟೆ.

ಅಪ್ಪ ಪುರೋಹಿತರು. ಪ್ರಾಯ ಎಪ್ಪತ್ತೊಂದು. ಕದ್ರಿಯ ನಮ್ಮ ಮನೆಯಿಂದ ಹೊರಟು ಊರಿಡೀ ಸುತ್ತಿ ಗೃಹಪ್ರವೇಶ, ಸತ್ಯನಾರಾಯಣ ಪೂಜೆ, ಶ್ರಾದ್ಧ ಮಾಡಿಸುತ್ತಾರೆ. ಹರಿವಾಣ, ಕಲಶದ ಚೆಂಬು, ದರ್ಭೆಯ ಕಟ್ಟು, ಹೋಮದ ಕಬ್ಬಿಣದ ಕುಂಡ ಎಲ್ಲ ಹೇರಿಕೊಂಡು ಬಸ್ಸು ಹತ್ತುವುದು ಆಗುವ ಮಾತಲ್ಲ. ಹಾಗಾಗಿ ಕಾರು ಬೇಕೇ ಬೇಕು. ಇನ್ನೊಂದು ಸಂಗತಿ ಏನೆಂದರೆ, ನಲವತ್ತು ವರ್ಷದಲ್ಲಿ ಅವರು ಒಂದು ದಿನವೂ ಪುಸ್ತಕ ಹಿಡಿದು ಪೂಜೆ ಮಾಡಿಸಿದವರಲ್ಲ. ಎಲ್ಲ ಬಾಯಿಪಾಠ. ಪುಸ್ತಕ ನೋಡಿ ಓದುವ ಹೊಸಬರನ್ನು ಕಂಡರೆ ಏನೂ ಹೇಳುವುದಿಲ್ಲ, ಆದರೆ ಮನೆಗೆ ಬಂದು ಅಮ್ಮನ ಹತ್ತಿರ ನಗುತ್ತಾರೆ.

ಹೋದ ವರ್ಷ ಇಳಿಜಾರಿನಲ್ಲಿ ಸ್ಕೂಟರಿನವನೊಬ್ಬ ಬಂದು ಅಪ್ಪನ ಕಾರಿಗೆ ಉಜ್ಜಿಕೊಂಡು ಬಿದ್ದ. ಜನ ಸೇರಿತು. "ನಾನು ನಿಲ್ಲಿಸಿಯೇ ಇದ್ದೆ" ಅಂತ ಅಪ್ಪ ಹೇಳಿದರೆ ಕೇಳುವವರು ಯಾರು? "ಅಜ್ಜೇರೆ, ಈ ಪ್ರಾಯದಲ್ಲಿ ನಿಮಗೆ ಡ್ರೈವಿಂಗ್ ಯಾಕೆ?" ಅಂತ ಎಲ್ಲರೂ ಅವರಿಗೇ ಬುದ್ಧಿ ಹೇಳಿದರು. ಸುದ್ದಿ ಕೇಳಿ ನನಗೆ ಮಂಡೆ ಬಿಸಿಯಾಯಿತು. ಇನ್ನು ಸಾಕ್ಷಿ ಇಲ್ಲದೆ ಈ ಗಾಡಿ ರಸ್ತೆಗೆ ಇಳಿಯಬಾರದು ಅಂತ ಅದೇ ವಾರ ಡ್ಯಾಶ್ ಕ್ಯಾಮೆರಾ ತಂದೆ.

ನಾನು ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುವವಳು. ಎರಡು ವಯರ್ ಜೋಡಿಸುವುದಕ್ಕೆ ಯಾರನ್ನಾದರೂ ಕರೆದರೆ ನನ್ನ ಮರ್ಯಾದೆ ಎಂತ ಆಗಬೇಕು? ಒಂದು ಆದಿತ್ಯವಾರ ಮೊಬೈಲಿನಲ್ಲಿ ವಿಡಿಯೋ ನೋಡಿಕೊಂಡು ಕೆಲಸಕ್ಕೆ ಇಳಿದೆ. ಸಿಗರೇಟ್ ಲೈಟರಿನ ತೂತಿಗೆ ಚುಚ್ಚಿ ವಯರ್ ನೇತಾಡಿಸುವುದು ನನಗೆ ಆಗದ ವಿಷಯ. ನೇರ ಫ್ಯೂಸ್ ಬಾಕ್ಸಿಗೇ ಕೊಟ್ಟೆ. ವಯರನ್ನು ಮೇಲಿನ ಲೈನಿಂಗಿನ ಒಳಗೆ ತೂರಿಸಿ, ಗಾಜಿನ ಪಕ್ಕದ ಕಂಬದ ರಬ್ಬರಿನ ಹಿಂದೆ ಇಳಿಸಿ, ಒಂದಿಂಚು ಸಹ ಹೊರಗೆ ಕಾಣದ ಹಾಗೆ ಮಾಡಿದೆ. ಕೀ ತಿರುಗಿಸಿದೆ, ಕ್ಯಾಮೆರಾ ಮಿನುಗಿತು. ಗೆದ್ದೆ ಅಂತ ಕೈ ತೊಳೆದು ಊಟಕ್ಕೆ ಕೂತೆ.

ಅಪ್ಪ ಬಂದು ಕನ್ನಡಿಯ ಹಿಂದೆ ಇಣುಕಿ ನೋಡಿದರು. "ಇದು ಎಂತ ಎಲ್ಲ ನೋಡ್ತದೆ?"

"ಎಲ್ಲ ನೋಡ್ತದೆ, ಎಲ್ಲ ಕೇಳ್ತದೆ. ಗಾಡಿಗೆ ಏನಾದರೂ ಬಡಿದರೆ ಆ ಹೊತ್ತಿನದ್ದನ್ನು ಅಳಿಸದೆ ಬೇರೆಯೇ ಎತ್ತಿಡ್ತದೆ. ಇನ್ನು ನಿಮ್ಮ ಮೇಲೆ ಯಾರೂ ಸುಳ್ಳು ಹೇಳುವ ಹಾಗಿಲ್ಲ," ಅಂದೆ.

ಹತ್ತು ದಿನ ಆಗಿರಬೇಕು. ಎರಡು ದಿನ ಪೂಜೆ ಇಲ್ಲದೆ ಕಾರು ನಿಂತಿತ್ತು. ಬೆಳಿಗ್ಗೆ ಐದೂವರೆಗೆ ಅಪ್ಪ ಗೃಹಪ್ರವೇಶಕ್ಕೆ ಹೊರಟರೆ ಗಾಡಿ ಟಕ್ ಟಕ್ ಅಂತು, ಅಷ್ಟೇ. ಕಾರು ನಿಲ್ಲುವುದು ಮನೆಯ ಹಿಂದೆ ಶೀಟಿನ ಅಡಿಯಲ್ಲಿ, ಒಳಗಿನಿಂದ ಯಾರಿಗೂ ಕಾಣುವುದಿಲ್ಲ. ನಾನು ಎದ್ದು ಹೋಗುವಷ್ಟರಲ್ಲಿ ಅವರು ಗಾಬರಿಯಲ್ಲಿ ಎಲ್ಲ ಸ್ವಿಚ್ಚುಗಳನ್ನೂ ಎರಡೆರಡು ಸಲ ಒತ್ತಿ ಆಗಿತ್ತು. ಯಾವುದು ಆನ್ ಇತ್ತು, ಯಾವುದು ಆಫ್ ಇತ್ತು, ದೇವರಿಗೇ ಗೊತ್ತು.

"ಲೈಟ್ ಹಾಕಿಯೇ ಬಿಟ್ಟಿದ್ದೀರಿ ಅಪ್ಪಾ," ಅಂದೆ.

"ಆಫ್ ಮಾಡಿದ ನೆನಪು."

"ಆಫ್ ಮಾಡಿದ್ದರೆ ಬ್ಯಾಟರಿ ಸುಮ್ಮನೆ ಪೊಕ್ಕಡೆ ಇಳಿಯುತ್ತದಾ?"

ಪಕ್ಕದ ಮನೆಯವರ ಕಾರಿನಿಂದ ಕೇಬಲ್ ಕೊಟ್ಟು ಸ್ಟಾರ್ಟ್ ಮಾಡಿದೆವು. ಎರಡು ವಾರ ಕಳೆದು ಮತ್ತೆ ಅದೇ ಕಥೆ. ಆ ದಿನ ನನಗೆ ಫಸ್ಟ್ ಅವರ್ ಕ್ಲಾಸ್ ಬೇರೆ. ಬಾಯಿಗೆ ಬಂದ ಹಾಗೆ ಹೇಳಿದೆ. ಅಪ್ಪ ಶಾಲನ್ನು ಮಡಚುತ್ತ, ಬಿಚ್ಚುತ್ತ ನಿಂತಿದ್ದರು.

ಬಿಜೈಯಿಂದ ನಮ್ಮ ಪರಿಚಯದ ಎಲೆಕ್ಟ್ರೀಶಿಯನ್ ಬಂದು ಬ್ಯಾಟರಿ ನೋಡಿದರು. "ಐದು ವರ್ಷ ಆಯ್ತಲ್ಲ ಟೀಚರೇ, ಇದರ ಆಯುಷ್ಯ ಮುಗಿಯಿತು," ಅಂದರು. "ಆಯುಷ್ಯ ಮುಗಿಸಿದ್ದು ಇವರು, ಲೈಟ್ ಬಿಟ್ಟು ಬಿಟ್ಟು," ಅಂತ ನಾನು ಅಪ್ಪನ ಎದುರೇ ಹೇಳಿದೆ. ಹೊಸದು ಕೂರಿಸಿದರು. ಅಪ್ಪ ಅದಕ್ಕೊಂದು ಕುಂಕುಮದ ಬೊಟ್ಟು ಇಟ್ಟು ಬಾನೆಟ್ ಮುಚ್ಚಿದರು. ಅದನ್ನೂ ಬಡಿದೇ ಮುಚ್ಚಿದರು.

ಅಷ್ಟರಲ್ಲಿ ದಾಯಾದಿಗಳಲ್ಲಿ ಒಬ್ಬರು ತೀರಿಕೊಂಡರು. ನಮಗೆ ಹತ್ತು ದಿನ ಸೂತಕ. ಸೂತಕದಲ್ಲಿ ಪುರೋಹಿತರು ಯಾರ ಮನೆಯ ಪೂಜೆಗೂ ಹೋಗುವ ಹಾಗಿಲ್ಲ. ನಾನು ಕಾಲೇಜಿಗೆ ಹೋಗುವುದು ಸ್ಕೂಟಿಯಲ್ಲಿ. ಹಾಗಾಗಿ ಕಾರು ಹತ್ತು ದಿನವೂ ನಿಂತಲ್ಲೇ ನಿಂತಿತ್ತು. ಸೂತಕ ಕಳೆದ ಮರುದಿನ ಅತ್ತಾವರದಲ್ಲಿ ಒಂದು ಗಣಹೋಮ. ಅಪ್ಪ ಕೀ ತಿರುಗಿಸಿದರು. ಟಕ್ ಅನ್ನುವ ಶಬ್ದ ಕೂಡ ಬರಲಿಲ್ಲ.

ಆಗ ನಾನು ಆಡಿದ ಮಾತನ್ನು ಬರೆಯುವುದಕ್ಕೆ ನಾಚಿಕೆಯಾಗುತ್ತದೆ, ಆದರೆ ಬರೆಯದಿದ್ದರೆ ಇದೆಲ್ಲ ಹೇಳಿ ಪ್ರಯೋಜನ ಇಲ್ಲ. "ಬ್ಯಾಟರಿ ಹೊಸದು ಅಪ್ಪಾ! ಇನ್ನು ಅದಕ್ಕೂ ಪ್ರಾಯ ಆಯ್ತು ಅಂತ ಹೇಳಬೇಡಿ. ನಿಮಗೆ ಮರೆವು ಶುರುವಾಗಿದೆ. ಡಾಕ್ಟರಿಗೆ ಒಮ್ಮೆ ತೋರಿಸುವ."

ಅಮ್ಮ ಅಡುಗೆಮನೆಯಿಂದ ಓಡಿ ಬಂದರು. "ಎಂತ ಮಾತು ಅಂತ ಆಡ್ತೀ ನೀನು? ನಾಲಿಗೆಯಲ್ಲಿ ಹಿಡಿತ ಬೇಡವಾ?"

ಅಪ್ಪನಿಗೆ ಕೋಪ ಬರಲಿಲ್ಲ. ಬಂದಿದ್ದರೆ ಒಳ್ಳೆಯದಿತ್ತು. ಮುಖ ಸಣ್ಣದಾಯಿತು. "ಇರಬಹುದು ಮಗಾ," ಅಂದರು. ಕುಂಡ, ಹರಿವಾಣ ಎಲ್ಲ ರಿಕ್ಷಾಕ್ಕೆ ಹಾಕಿಕೊಂಡು ಹೋದರು. ಸಂಜೆ ಬಂದವರೇ ಕಾರಿನ ಕೀ ತಂದು ನನ್ನ ಮೇಜಿನ ಮೇಲೆ ಇಟ್ಟರು. "ಇನ್ನು ಇದು ನಿನ್ನ ಹತ್ತಿರವೇ ಇರಲಿ."

ಬ್ಯಾಟರಿ ಚಾರ್ಜ್ ಮಾಡಿಸಿ ತಂದೆ. ಆ ಆದಿತ್ಯವಾರ ಸತ್ಯನಾರಾಯಣ ಪೂಜೆಗೆ ಅವರನ್ನು ನಾನೇ ಕರೆದುಕೊಂಡು ಹೋದೆ. ಮಂಟಪದ ಎದುರು ಕೂತು ಅಪ್ಪ ಚೀಲದಿಂದ ಪುಸ್ತಕ ತೆಗೆದರು. ನಾನು ಕಣ್ಣು ಉಜ್ಜಿಕೊಂಡು ನೋಡಿದೆ. ಪುಸ್ತಕವೇ. ಕನ್ನಡಕ ಸರಿಮಾಡಿಕೊಂಡು, ಸಾಲಿನ ಕೆಳಗೆ ಬೆರಳಿಟ್ಟು, ಸಂಕಲ್ಪದಿಂದ ಮಂಗಳಾರತಿಯವರೆಗೆ ಓದಿಕೊಂಡೇ ಹೋದರು. ಸ್ವರ ಕೂಡ ಅವರದ್ದಲ್ಲ, ಮಗ್ಗಿ ಒಪ್ಪಿಸುವವರ ಸ್ವರ. ಆದರೂ ಒಳ್ಳೆಯದೇ ಆಯಿತು, ತಪ್ಪುವುದಕ್ಕಿಂತ ಓದುವುದು ಮೇಲು ಅಂತ ನನಗೆ ನಾನೇ ಹೇಳಿಕೊಂಡೆ.

ಆಮೇಲೆ ಸೋಮವಾರ, ಮಂಗಳವಾರ, ಬುಧವಾರ ಕಾರು ತೆಗೆಯಲಿಲ್ಲ. ಕೀ ನನ್ನ ಬ್ಯಾಗಿನಲ್ಲೇ ಇತ್ತು. ಗುರುವಾರ ಗ್ಯಾಸ್ ಸಿಲಿಂಡರ್ ತರುವುದಕ್ಕೆ ಅಂತ ಹೋಗಿ ಕೂತರೆ ಗಾಡಿ ಸ್ಟಾರ್ಟ್ ಇಲ್ಲ. ಎಲ್ಲ ಸ್ವಿಚ್ ನೋಡಿದೆ, ಎಲ್ಲವೂ ಆಫ್. ಕೊನೆಯ ಸಲ ಓಡಿಸಿದವಳು ನಾನು. ಹಾಗಾದರೆ ಈ ಸಲ ಲೈಟ್ ಬಿಟ್ಟವರು ಯಾರು?

ಎಲೆಕ್ಟ್ರೀಶಿಯನ್ ಮತ್ತೆ ಬಂದರು. ಬ್ಯಾಟರಿಗೆ ಕೇಬಲ್ ಕೊಟ್ಟು, ಕೀ ತೆಗೆದೇ ಇಟ್ಟು, ಮೀಟರ್ ಹಿಡಿದರು. "ಗಾಡಿ ಬಂದ್ ಉಂಟು, ಆದರೂ ಎಂತದೋ ಕರೆಂಟ್ ಎಳೀತಾ ಉಂಟಲ್ಲ," ಅಂತ ಗೊಣಗಿಕೊಂಡು ಒಂದೊಂದೇ ಫ್ಯೂಸ್ ತೆಗೆಯುತ್ತ ಹೋದರು. ಒಂದನ್ನು ತೆಗೆದಾಗ ಮುಳ್ಳು ಸೊನ್ನೆಗೆ ಬಂತು. ಅಲ್ಲಿಗೆ ಟಾರ್ಚ್ ಬಿಟ್ಟು ನೋಡಿ ನಕ್ಕರು.

"ಯಾರು ಮಾರಾಯ್ರೆ ಈ ಕ್ಯಾಮೆರಾದ ವಯರನ್ನು ಇಲ್ಲಿ ಚುಚ್ಚಿದ್ದು? ಕೀ ತೆಗೆದರೂ ಈ ಫ್ಯೂಸಿಗೆ ಕರೆಂಟ್ ಬರ್ತಾನೇ ಇರ್ತದೆ. ಸ್ಕ್ರೀನ್ ಮಾತ್ರ ಬಂದ್ ಆಗ್ತದೆ, ಕ್ಯಾಮೆರಾ ಹಗಲೂ ರಾತ್ರಿ ಓಡ್ತಾ ಉಂಟು. ಗಾಡಿ ಎರಡು ದಿನ ನಿಂತರೆ ಹಳೇ ಬ್ಯಾಟರಿ ಸತ್ತದ್ದು ಇದಕ್ಕೇ. ಭಟ್ರ ಲೈಟ್ ಅಲ್ಲ ಟೀಚರೇ ಇದು."

ಕೀ ಹಾಕಿ ನೋಡಿದ್ದೆ. ಕೀ ತೆಗೆದು ನೋಡಿರಲಿಲ್ಲ. ಸ್ವಿಚ್ ಹಾಕಿದಾಗ ಬಲ್ಬ್ ಉರಿದರೆ ಸಾಲದು, ತೆಗೆದಾಗ ಆರುತ್ತದಾ ಅಂತಲೂ ನೋಡಬೇಕು ಅಂತ ಲ್ಯಾಬಿನಲ್ಲಿ ಮಕ್ಕಳಿಗೆ ಬೈಯುವವಳು ನಾನೇ. ಅವರು ವಯರನ್ನು ಬೇರೆ ಫ್ಯೂಸಿಗೆ ಹಾಕಿ, ಕೀ ತೆಗೆದರೆ ಕ್ಯಾಮೆರಾ ಬಂದ್ ಆಗುವುದನ್ನು ಎರಡು ಸಲ ತೋರಿಸಿ ಹೋದರು.

ಅಷ್ಟು ದಿನ ಅದು ಏನನ್ನು ನೋಡುತ್ತ ಕೂತಿತ್ತು ಅಂತ ಕಾರ್ಡನ್ನು ಲ್ಯಾಪ್‌ಟಾಪಿಗೆ ಹಾಕಿದೆ. ಕ್ಯಾಮೆರಾ ತಂದ ಮೇಲೆ ಕಾರ್ಡ್ ತೆಗೆದು ನೋಡಿದ್ದು ಅದೇ ಮೊದಲು. ಹೊಸದು ತುಂಬಿದ ಹಾಗೆ ಹಳೆಯದ್ದೆಲ್ಲ ಅಳಿಸಿ ಹೋಗಿತ್ತು. ಆದರೆ ಅಪಘಾತದ್ದು ಅಂತ ಬೇರೆ ಎತ್ತಿಟ್ಟ ಫೋಲ್ಡರಿನಲ್ಲಿ ಮೂವತ್ತಕ್ಕಿಂತ ಹೆಚ್ಚು ತುಣುಕುಗಳಿದ್ದವು. ಇಷ್ಟೆಲ್ಲ ಕಡೆ ಅಪ್ಪ ಗಾಡಿ ತಾಗಿಸಿದ್ದಾರಾ ಅಂತ ಒಂದನ್ನು ತೆರೆದೆ.

ಚಿತ್ರದಲ್ಲಿ ಇದ್ದದ್ದು ನಮ್ಮ ಮನೆಯ ಹಿಂದಿನ ಗೋಡೆ. ಎಂಜಿನ್ ನಿಲ್ಲುವ ಶಬ್ದ. ಆಮೇಲೆ ಅಪ್ಪನ ಸ್ವರ: "ಲೈಟ್ ಆಫ್ ಮಾಡಿದೆ ಮಗಾ, ನೋಡು." ಟಿಕ್ ಅಂತ ಸ್ವಿಚ್. ಕೊನೆಗೆ ಬಾಗಿಲು, ಧಡಾರ್. ಆ ಬಡಿತವನ್ನೇ ಕ್ಯಾಮೆರಾ ಅಪಘಾತ ಅಂತ ತಿಳಿದು ಎತ್ತಿಟ್ಟಿತ್ತು.

ಇನ್ನೊಂದು ತೆರೆದೆ. ಅದೇ ಗೋಡೆ. "ಲೈಟ್ ಆಫ್. ಗ್ಲಾಸ್ ಏರಿಸಿದೆ. ನೋಡಿದೆಯಲ್ಲ ಮಗಾ?" ಧಡಾರ್. ನಾನು ಮೊದಲ ಸಲ ಬೈದ ಮರುದಿನದಿಂದ ಈ ಮಾತು ಶುರು. ಗಾಡಿ ತೆಗೆದ ಒಂದು ದಿನವೂ ತಪ್ಪಿಸಿಲ್ಲ. ಎರಡನೆಯ ಸಲ ಬೈದ ಮೇಲಿನದ್ದರಲ್ಲಿ ಲೈಟ್ ಆಫ್ ಅಂತ ಹೇಳಿ, ಇಳಿದು, ಪುನಃ ಹತ್ತಿ, ಪುನಃ ಹೇಳುತ್ತಾರೆ. ಸೂತಕ ಶುರುವಾಗುವ ಹಿಂದಿನ ದಿನದ್ದರಲ್ಲಿ ಲೈಟಿನ ವಿಷಯ ಮುಗಿದ ಮೇಲೂ ಬಾಗಿಲು ಬಡಿಯುವುದಿಲ್ಲ. ಆಮೇಲೆ ಮೆಲ್ಲಗೆ ಅಶ್ವಿನಿ, ಭರಣಿ, ಕೃತ್ತಿಕಾ ಅಂತ ಶುರುಮಾಡಿ ಇಪ್ಪತ್ತೇಳು ನಕ್ಷತ್ರಗಳನ್ನೂ ಹೇಳುತ್ತಾರೆ. ರೇವತಿಗೆ ಬಂದು, "ಸರಿ ಉಂಟಲ್ಲ," ಅನ್ನುತ್ತಾರೆ. ಧಡಾರ್.

ನಾನು ಲ್ಯಾಪ್‌ಟಾಪ್ ಮುಚ್ಚಿ ಅತ್ತೆ. ಅತ್ತು ಮುಗಿಸಿ, ಮುಖ ತೊಳೆದು, ಕೀ ತೆಗೆದುಕೊಂಡು ಚಾವಡಿಗೆ ಹೋದೆ. ಅಪ್ಪ ದರ್ಭೆ ಬಿಡಿಸುತ್ತ ಕೂತಿದ್ದರು. ಎಲ್ಲವನ್ನೂ ಹೇಳಿದೆ. ವಯರ್ ತಪ್ಪು ಕೊಟ್ಟದ್ದು ನಾನು, ಎರಡು ಬ್ಯಾಟರಿ ಇಳಿಸಿದ್ದು ನಾನು, ನಿಮ್ಮ ನೆನಪಿಗೆ ಏನೂ ಆಗಿಲ್ಲ.

ಅವರು ಪೂರ್ತಿ ಕೇಳಿಸಿಕೊಂಡರು. ಕೈಯಲ್ಲಿದ್ದ ದರ್ಭೆಯನ್ನು ಕೆಳಗಿಟ್ಟರು.

"ನಾನು ಆಫ್ ಮಾಡಿದ್ದು ನನಗೆ ಚೆನ್ನಾಗಿ ನೆನಪಿತ್ತು ಮಗಾ. ಆದರೆ ನೀನು ಕ್ಯಾಮೆರಾ ನೋಡಿಯೇ ಹೇಳುವುದು ಅಂತ ಎಣಿಸಿದೆ. ಅದರಲ್ಲಿ ಲೈಟ್ ಉರಿಯುವುದು ಕಂಡಿದೆ, ಹಾಗಾದರೆ ನನ್ನ ನೆನಪೇ ಸುಳ್ಳು ಅಂತ ಎಣಿಸಿದೆ."

ಕೀ ಕೊಟ್ಟೆ, ತೆಗೆದುಕೊಂಡರು. ಮರುದಿನವೇ ಅವರೇ ಓಡಿಸಿಕೊಂಡು ಹೋದರು. ಈಗ ಪ್ರತಿ ಆದಿತ್ಯವಾರ ಕಾರ್ಡ್ ತೆಗೆದು ಎಲ್ಲ ತುಣುಕುಗಳನ್ನೂ, ಬರೀ ರಸ್ತೆ ಇದ್ದರೂ, ಕೂತು ನೋಡುತ್ತೇನೆ. ಬಾಗಿಲು ಬಡಿಯಬೇಡಿ ಅಂತ ಹೇಳುವುದನ್ನು ಬಿಟ್ಟಿದ್ದೇನೆ. ಪುಸ್ತಕ ಮಾತ್ರ ಇನ್ನೂ ಅವರ ಚೀಲದಲ್ಲೇ ಉಂಟು. ಅದನ್ನು ತೆಗೆದಿಡಿ ಅಪ್ಪಾ ಅಂತ ಹೇಳುವ ಮುಖ ನನಗಿಲ್ಲ.