ಬೂಟು ಹಾಕಿದ ದೆವ್ವವೂ ಹೊಳಲ್ಕೆರೆಯ ಜಂಪಣ್ಣನೂ

ಹೊಳಲ್ಕೆರೆಯ ಜಂಪಣ್ಣ ಸಂತೆಪೇಟೆಯಲ್ಲಿ ಹಗ್ಗ ಮಾರುತ್ತಿದ್ದ. ಸುಗ್ಗಿ ಮುಗಿದು ಬಯಲಾಟ ಶುರುವಾಯಿತೆಂದರೆ ರಾಕ್ಷಸನಾಗುತ್ತಿದ್ದ. ಅನ್ನ ಹಾಕುತ್ತಿದ್ದದ್ದು ಹಗ್ಗ. ಆದರೆ ಯಾರಾದರೂ ಕಸುಬೇನೆಂದು ಕೇಳಿದರೆ ಅವನು ಮೀಸೆ ನೀವಿಕೊಂಡು ಎರಡನೆಯದನ್ನೇ ಹೇಳುತ್ತಿದ್ದ. ಅವನ ಹಗ್ಗದ ಹುರಿ ಆಗೊಮ್ಮೆ ಈಗೊಮ್ಮೆ ಸಡಿಲವಿರುತ್ತಿದ್ದುದು ನಿಜ. ಆರ್ಭಟ ಮಾತ್ರ ಎಂದೂ ಸಡಿಲವಾದದ್ದಲ್ಲ.

ತೆರೆಯ ಹಿಂದೆ ನಿಂತು ಅವನು ಮೊದಲ ಕೂಗು ಹಾಕಿದರೆ ಮಕ್ಕಳು ತಾಯಂದಿರ ಸೆರಗಿನೊಳಗೆ ತಲೆ ತೂರಿಸುತ್ತಿದ್ದವು. ಮದಕರಿಪುರದಲ್ಲಿ ಒಮ್ಮೆ ಎತ್ತೊಂದು ಕಣ್ಣಿ ಕಿತ್ತುಕೊಂಡು ಹೊಲದ ಮೇಲೆ ಬಿದ್ದು ಓಡಿತ್ತು. ಆ ಕಣ್ಣಿ ಜಂಪಣ್ಣನ ಅಂಗಡಿಯದೇ ಎಂದು ಪಾತ್ರೆಗೆ ಕಲಾಯಿ ಹಾಕುವ ಗೌಸ್ ಪೀರ್ ಹೇಳುತ್ತಿದ್ದ. ಜಂಪಣ್ಣ ಅದನ್ನು ಆರ್ಭಟದ ಖಾತೆಗೇ ಜಮಾ ಮಾಡಿಕೊಂಡಿದ್ದ.

ಇಷ್ಟಿದ್ದೂ ಅವನಿಗೊಂದು ಕೊರಗಿತ್ತು. ಹೆಂಡತಿ ಬೋರಕ್ಕ ಅವನಿಗೆ ಹೆದರುತ್ತಿರಲಿಲ್ಲ. ಪ್ರತಿ ಆಟಕ್ಕೂ ಮುಂದಿನ ಸಾಲಿನಲ್ಲಿ ಚಾಪೆ ಹಾಸಿ ಕೂರುವಳು. ರಾಕ್ಷಸ ತೆರೆ ಸರಿಸಿ ಹಾರಿ ಬಂದಾಗ ಅಕ್ಕಪಕ್ಕದವರು ಹೋ ಎಂದು ಕಿರುಚಿದರೆ ಇವಳು ತುಟಿ ಬಿಗಿದು, ರೆಪ್ಪೆ ಬಡಿಯದೆ, ನೆಟ್ಟ ನೋಟದಲ್ಲಿ ನೋಡುವಳು. ಊರೆಲ್ಲ ಕೊಂಡು ಹೋದ ಸರಕನ್ನು ಮನೆಯವಳು ಮೂಸಿಯೂ ನೋಡದಿದ್ದರೆ ವ್ಯಾಪಾರಿಗೆ ಹೇಗಾಗಬೇಡ? ಜಂಪಣ್ಣ ಹೆಚ್ಚು ಕಪ್ಪು ಬಳಿದುಕೊಂಡ, ಕೋರೆಹಲ್ಲು ಉದ್ದ ಮಾಡಿಸಿದ. ಬೋರಕ್ಕ ಕದಲಲಿಲ್ಲ.

ಮೈಸೂರು ಸೀಮೆಗೆ ಡೇರೆಯ ಬಯಸ್ಕೋಪು ಹೊಸದಾಗಿ ಬಂದ ಕಾಲ ಅದು. ಆ ವರ್ಷ ದಾವಣಗೆರೆ ಕಡೆಯಿಂದ ಒಂದು ಡೇರೆ ಬಂದು ಕೆರೆ ಏರಿಯ ಕೆಳಗೆ ಬೀಡುಬಿಟ್ಟಿತು. ಡೇರೆಯ ನಡುವೆ, ಚಿತ್ರ ಎರಡೂ ಕಡೆಗೆ ಕಾಣಲೆಂದು ಒದ್ದೆ ಮಾಡಿದ ಬಿಳಿ ಬಟ್ಟೆ. ಅದರ ಈಚೆ ಗಂಡಸರು, ಆಚೆ ಹೆಂಗಸರು. ದೀಪ ಹಚ್ಚುವ ಹೊತ್ತಿಗೆ ಯಂತ್ರ ತಿರುಗಿಸುತ್ತಿದ್ದರು. ಇದ್ದದ್ದು ಒಂದೇ ಚಿತ್ರ. ಹಾಳು ಬಂಗಲೆ, ಅದರೊಳಗೊಬ್ಬಳು ಹೆಂಗಸು, ಅವಳ ಕುತ್ತಿಗೆ ಹಿಸುಕಲು ಬರುವ ಒಂದು ದೆವ್ವ. ಎಲ್ಲೋ ಯಾರೋ ಮನೆಯಲ್ಲಿದ್ದ ಹಳೇ ಕಂಬಳಿ ಹೊದ್ದು ಮಾಡಿ ಮುಗಿಸಿದ ಚಿತ್ರ. ದೆವ್ವದ ಒಂದು ಕೊಂಬು ಓಡುವಾಗ ಉದುರಿ ಬೀಳುತ್ತಿತ್ತು, ಮರುಗಳಿಗೆಯಲ್ಲಿ ತಲೆಯ ಮೇಲಿರುತ್ತಿತ್ತು. ಕಡಿದ ತಲೆಯೊಂದು ಹಾರಿ ಬರುವಾಗ ಅದನ್ನು ಎಳೆಯುವ ಹಗ್ಗ ಕಾಣುತ್ತಿತ್ತು. ಎಲ್ಲಕ್ಕಿಂತ ಮಿಗಿಲಾಗಿ ದೆವ್ವದ ಕಾಲಲ್ಲಿ ಬೂಟುಗಳಿದ್ದವು.

ಊರು ಅದನ್ನು ಬೂಟಿನ ದೆವ್ವ ಎಂದು ಕರೆಯಿತು, ನಕ್ಕಿತು, ಮತ್ತೆ ಮತ್ತೆ ಹೋಗಿ ನೋಡಿತು. ಹಗಲೆಲ್ಲ ಗೌಸ್ ಪೀರನ ಕಲಾಯಿ ಒಲೆಯ ತಿದಿಯ ಮುಂದೆ ಅದೇ ಪಂಚಾಯ್ತಿ.

"ದೆವ್ವ ಯಾಕಪ್ಪ ಬೂಟು ಹಾಕ್ಕಂತೈತೆ? ಅದು ದೆವ್ವನೇ ಅಲ್ಲ" ಎಂದ ವೀಳ್ಯದೆಲೆ ಮಾರುವ ಕಾಟಪ್ಪ.

"ಬಿಳೀ ದೊರೆ ಸತ್ತು ದೆವ್ವ ಆದ್ರೆ ಬರಿಗಾಲಲ್ಲಿ ಬರ್ಬೇಕೇನು?" ಗೌಸ್ ಪೀರ್ ತಿದಿ ಒತ್ತುತ್ತ ಕೇಳಿದ.

"ಕೊಂಬು ಬಿತ್ತಲ್ಲ ಸಾಬ್ರೆ?"

"ಜಿಂಕೆದೂ ಬೀಳ್ತಾವೆ. ಮತ್ತೆ ಬೆಳೀತಾವೆ."

"ಕಣ್ಣು ಮುಚ್ಚಿ ಬಿಡೋದ್ರಾಗೆ?"

"ದೆವ್ವ ಅಲ್ವೇನೋ!"

"ಅದಿರ್ಲಿ, ಹಿಸುಕಿದ್ದು ಎಡಗೈಲಿ ತಾನೆ? ನಮ್ಮನೇಕಿ ಬಲಗೈ ಅಂತಾಳೆ. ನಿನ್ನ ಕಣ್ಣು ಯಾರ ಮೇಲಿತ್ತು ಅಂತ ನಂಗೇ ಕೇಳ್ತಾಳೆ!"

ಊರ ಗಂಡಸರೆಲ್ಲ ಎಡಗೈ, ಹೆಂಗಸರೆಲ್ಲ ಬಲಗೈ. ಬಟ್ಟೆಯ ಆಚೆ ಕೂತವರಿಗೆ ಎಡ ಬಲವಾಗಿ ಕಾಣುತ್ತದೆ ಎಂಬುದು ಯಾರಿಗೂ ಹೊಳೆಯದೆ, ಎಷ್ಟೋ ಮನೆಗಳಲ್ಲಿ ಮಧ್ಯಾಹ್ನದ ಮುದ್ದೆ ಸಿಟ್ಟಿನಲ್ಲೇ ಬೇಯುತ್ತಿತ್ತು.

ಜಂಪಣ್ಣನ ಸಂಕಟ ಬೇರೆ. ಬೋರಕ್ಕ ಮೊದಲ ಸಲ ಬಯಸ್ಕೋಪು ನೋಡಿ ಬಂದವಳೇ ಹಿತ್ತಲಿಗೆ ಒಬ್ಬಳೇ ಹೋಗಲಿಲ್ಲ.

"ಬಾ, ಸ್ವಲ್ಪ ಜೊತೆಗೆ ನಿಂತ್ಕ. ನೀರು ತಗಂಡು ಬರ್ತೀನಿ" ಎಂದಳು. ಹಲ್ಲು ಕಟಕಟ ಎನ್ನುತ್ತಿದ್ದವು.

ಇಡೀ ತಾಲ್ಲೂಕಿನ ರಾಕ್ಷಸನನ್ನು ಹೆಂಡತಿ ದೆವ್ವ ಬಾರದಂತೆ ಕಾವಲಿಗೆ ಕರೆದಿದ್ದಳು. ಜಂಪಣ್ಣ ನೀರಿನ ಹಂಡೆಯ ಪಕ್ಕ ನಿಂತು ಒಳಗೇ ಕುದಿದ. ಅವಳು ಮರುದಿನವೂ ಹೋದಳು. ಅದರ ಮರುದಿನವೂ.

ಕೊನೆಗೆ ಅವನೂ ಹೋದ. ನೋಡುವುದಕ್ಕಲ್ಲ, ಬಯಲಿಗೆಳೆಯುವುದಕ್ಕೆ. ಹಾರುವ ತಲೆ ಬಂದದ್ದೇ ಎದ್ದು ನಿಂತು, "ನೋಡ್ರೋ, ಹಗ್ಗ ಕಾಣ್ತೈತೆ! ಅದೂ ಕತ್ತಾಳೆ ನಾರಿಂದು!" ಎಂದು ಕೂಗಿದ.

"ನಮಗೇನು ಕಣ್ಣಿಲ್ವೇನಲೇ? ಕುಂತ್ಕ! ತಲೆ ಬಂತು ನೋಡು" ಎಂದು ಹಿಂದಿನಿಂದ ಯಾರೋ ಅವನ ಪಂಚೆ ಹಿಡಿದು ಜಗ್ಗಿದರು. ಹಗ್ಗ ಕಂಡೂ ಜನ ಹೆದರುತ್ತಿದ್ದರು. ತನ್ನ ಕೋರೆಹಲ್ಲಿನ ದಾರ ಕಾಣದಿರಲಿ ಎಂದು ಒಂದು ಜನ್ಮವೆಲ್ಲ ಒದ್ದಾಡಿದವನಿಗೆ ಇದು ಯಾವ ನ್ಯಾಯವೋ ತಿಳಿಯಲಿಲ್ಲ.

ಅಷ್ಟರಲ್ಲಿ ಬಟ್ಟೆಯ ಆಚೆಯಿಂದ ಹೆಂಗಸರ ಕಿರುಚಾಟ. ಅದರಲ್ಲಿ ಬೋರಕ್ಕನ ದನಿಯನ್ನು ಅವನು ಆರಿಸಿ ತೆಗೆದ. ಅವನಿಗಾಗಿ ಒಂದು ದಿನವೂ ಹೊರಡದಿದ್ದ ಚೀತ್ಕಾರ ಅದು. ಬಟ್ಟೆಯ ಮೇಲೆ ದೆವ್ವ ಬಾಯಿ ತೆರೆಯಿತು. ಮೂಕ ಚಿತ್ರ, ದನಿಯಿಲ್ಲ. ಹೊಟ್ಟೆಯ ಉರಿಯೆಲ್ಲ ಗಂಟಲಿಗೆ ಬಂದು ಜಂಪಣ್ಣ ಕೂತಲ್ಲಿಂದಲೇ ತನ್ನ ರಾಕ್ಷಸನ ಆರ್ಭಟ ಹಾಕಿದ.

ಡೇರೆ ನಡುಗಿತು. ಮುಂದಿದ್ದವರು ಹಿಂದಿದ್ದವರ ಮೇಲೆ ಬಿದ್ದರು, ಯಂತ್ರ ತಿರುಗಿಸುವವನು ಹಿಡಿಕೆ ಬಿಟ್ಟ. ಜಂಪಣ್ಣ ಎದೆಯುಬ್ಬಿಸಿ ಮನೆಗೆ ಬಂದ.

ಬೆಳಿಗ್ಗೆ ಗೌಸ್ ಪೀರನ ಅಂಗಡಿಯ ಮುಂದೆ ಜಾಗವಿಲ್ಲದಷ್ಟು ಜನ. ಕಾಟಪ್ಪ ಎಲೆಯ ಬುಟ್ಟಿಯನ್ನೇ ಮರೆತಿದ್ದ.

"ಸಾಬ್ರೆ, ನಿನ್ನೆ ದೆವ್ವ ಕೂಗ್ತು! ನಾನೇ ಕಿವಿಯಾರೆ ಕೇಳ್ದೆ!"

"ಕೂಗಿದ್ದು ನಾನು ಕಣಲೇ" ಎಂದ ಜಂಪಣ್ಣ.

ಎಲ್ಲರೂ ತಿರುಗಿ ನೋಡಿದರು, ನಕ್ಕರು.

"ಏನಪ್ಪ ಜಂಪಣ್ಣ, ಹೊಟ್ಟೆಕಿಚ್ಚಿಗೂ ಒಂದು ಲೆಕ್ಕ ಐತೆ. ನಿನ್ನ ಕೂಗು ನಾವು ಕೇಳಿಲ್ವೆ? ದೆವ್ವದ ಕೂಗಿನ ಗಮ್ಮತ್ತೇ ಬೇರೆ" ಎಂದ ಕಾಟಪ್ಪ.

ಆ ಸಂಜೆ ಡೇರೆಯ ಮುಂದೆ ಸುತ್ತಲ ಹಳ್ಳಿಗಳ ಗಾಡಿಗಳೂ ನಿಂತಿದ್ದವಂತೆ. ಜಂಪಣ್ಣ ಹೋಗಲಿಲ್ಲ. ಮನೆಯ ಪಡಸಾಲೆಯಲ್ಲಿ ನಾರು ಬಿಚ್ಚುತ್ತ ಕೂತು, ಒಲೆಯ ಮುಂದಿದ್ದ ಹೆಂಡತಿಯನ್ನು ನೋಡದೆಯೇ ಕೇಳಿದ: "ನಿನಗೂ ಹಂಗೇ ಕೇಳಿಸ್ತೇನು? ದೆವ್ವ ಕೂಗಿದಂಗೆ?"

"ನಿನ್ನ ದನಿ ನಂಗೆ ತಿಳಿಯಲ್ವ?" ಎಂದಳು ಬೋರಕ್ಕ. "ಅಲ್ಲಿಗಂಟ ನಾನು ಒಂದಿನಾನೂ ಆ ದೆವ್ವದ ಮುಖ ನೋಡಿಲ್ಲ. ಬಂತು ಅಂದ್ರೆ ಕಣ್ಣು ಮುಚ್ಕಂಬಿಡ್ತಿದ್ದೆ. ನಿನ್ನೆ ನಿನ್ನ ಕೂಗು ಕೇಳಿ, ಓ ಇದ್ದಾನೆ ಅಂತ ಧೈರ್ಯ ಬಂತು. ಕಣ್ಣು ಬಿಟ್ಟೆ. ಥೂ, ಬೂಟು ಹಾಕ್ಕಂಡೈತೆ!"

ಬೇರೆ ಯಾವ ಗಂಡನಾಗಿದ್ದರೂ ಹಿಗ್ಗುತ್ತಿದ್ದ. ಜಂಪಣ್ಣನ ಕೈಯಲ್ಲಿದ್ದ ನಾರು ಕೆಳಗೆ ಬಿತ್ತು.

"ನನ್ನ ಕೂಗಿಗೆ ಧೈರ್ಯ ಬಂತಾ?"

"ಹೂಂ ಮತ್ತೆ."

"ಮತ್ತೆ ನನ್ನ ಆಟದಾಗೆ ಗರ ಬಡಿದಂಗೆ ನೋಡ್ತಾ ಕುಂತಿರ್ತೀಯಲ್ಲ, ಅದೇನು?"

"ನಿನ್ನ ಯಾರು ನೋಡ್ತಾರೆ? ಪಂಜು ನೋಡ್ತೀನಿ. ಆ ಎತ್ತಪ್ಪ ಪಂಜು ಹಿಡ್ಕಂಡು ನಿನ್ನ ಕಿರೀಟಕ್ಕೆ ಆತ್ಕಂಡು ನಿಂತಿರ್ತಾನೆ. ಕಿರೀಟ ಬೆಂಡಿಂದು, ಕೂದಲು ನಾರಿಂದು. ಎಲ್ಲಿ ಹತ್ಕಂತೈತೋ ಅಂತ ಜೀವ ಕೈಲಿ ಹಿಡ್ಕಂಡಿರ್ತೀನಿ. ನಿನ್ನ ರಾಕ್ಷಸ ಕುಣಿದು ಒಳಕ್ಕೆ ಹೋಗೋಗಂಟ ನಂಗೆ ಉಸಿರಿರಲ್ಲ."

ಅಂದರೆ ಇಷ್ಟು ವರ್ಷ ಅವಳು ಹೆದರುತ್ತಲೇ ಇದ್ದಳು. ಆ ಹೆದರಿಕೆಯೆಲ್ಲ ಎತ್ತಪ್ಪನ ಪಂಜಿನ ಪಾಲಾಗಿತ್ತು. ಜಂಪಣ್ಣನಿಗೆ ಬೂಟಿನ ದೆವ್ವ ಮರೆತೇ ಹೋಯಿತು. ಮುಂದಿನ ಆಟದ ದಿನ ಅವನು ಎತ್ತಪ್ಪನನ್ನು ಕರೆದು, "ನೀನು ದೂರ ನಿಂತ್ಕ. ಜನ ರಾಕ್ಷಸನ್ನ ನೋಡ್ಲಿ, ನಿನ್ನ ಪಂಜನ್ನಲ್ಲ" ಎಂದು ಕಟ್ಟುನಿಟ್ಟು ಮಾಡಿದ.

ಕತ್ತಲಾಗುತ್ತಲೇ ತೆರೆ ಸರಿಯಿತು. ಎತ್ತಪ್ಪ ಅತ್ತ ಮೂಲೆಯ ಕಂಬದ ಬಳಿ ನಿಂತಿದ್ದ. ಜಂಪಣ್ಣ ಹಾರಿ ಬಂದು, ಉಳಿದಿದ್ದ ಉಸಿರನ್ನೆಲ್ಲ ಸುರಿದು ಆರ್ಭಟಿಸಿ, ಮುಂದಿನ ಸಾಲಿನ ಚಾಪೆಯತ್ತ ನೋಡಿದ. ಬೋರಕ್ಕ ಒಂದು ಸಲ ಪಂಜು ಎಲ್ಲಿದೆಯೆಂದು ಕಣ್ಣಾಡಿಸಿದಳು; ದೂರದಲ್ಲಿ ಕಂಡಿತು. ನೆಮ್ಮದಿಯಿಂದ ಆಕಳಿಸಿ, ಪಕ್ಕದವಳ ಹೆಗಲಿಗೆ ಒರಗಿ, ಕಣ್ಣು ಮುಚ್ಚಿದಳು. ಸ್ವಲ್ಪ ಹೊತ್ತಿನಲ್ಲೇ ಗೊರಕೆ.

ರಾಕ್ಷಸ ಕುಣಿಯುತ್ತ ಕುಣಿಯುತ್ತ ರಂಗದ ಮೂಲೆಗೆ ಸರಿದ. ಕೋರೆಹಲ್ಲಿನ ಸಂದಿನಿಂದ ಪಿಸುಗುಟ್ಟಿದ:

"ಎತ್ತಪ್ಪ, ಹತ್ರ ಬಾರೋ. ಇನ್ನೂ ಹತ್ರ."