ಕೃಪಾಂಕ ಒಲ್ಲದ ಟೈಪಿಸ್ಟಕ್ಕ

ನೀರು ಸರಬರಾಜು ಕಚೇರಿಯಲ್ಲಿ ಇಪ್ಪತ್ತಾರು ವರ್ಷ ಟೈಪು ಕುಟ್ಟಿದ ಆಕೆಯನ್ನು ಎಲ್ಲರೂ ಟೈಪಿಸ್ಟಕ್ಕ ಎಂದೇ ಕರೆಯುತ್ತಿದ್ದರು. ಅಪ್ಪ ಅಚ್ಚುಕೂಟದಲ್ಲಿ ಮೊಳೆ ಜೋಡಿಸುತ್ತಿದ್ದವನು. ಸೀಸದ ಅಕ್ಷರಗಳನ್ನು ಹಿಂದುಮುಂದಾಗಿ ಓದುವುದನ್ನು ಮಗಳಿಗೆ ಶಾಲೆಗೆ ಸೇರುವ ಮೊದಲೇ ಕಲಿಸಿದ್ದ. ಹಾಗಾಗಿ ತಪ್ಪು ಅಕ್ಷರವೆಂದರೆ ಅವಳಿಗೆ ತುತ್ತಿನಲ್ಲಿ ಕಲ್ಲು ಕಡಿದಂತೆ. ಸಾಹೇಬರು ಬರೆದುಕೊಟ್ಟ ಇಂಗ್ಲಿಷ್ ಪತ್ರದಲ್ಲಿ ಅಫೆಕ್ಟ್ ಇರಬೇಕಾದ ಕಡೆ ಇಫೆಕ್ಟ್ ಇದ್ದರೆ ತುಟಿಪಿಟಕ್ಕೆನ್ನದೆ ತಿದ್ದಿ ಟೈಪು ಮಾಡುತ್ತಿದ್ದಳು. ಸಾಹೇಬರು ಅದು ತಮ್ಮದೇ ಇಂಗ್ಲಿಷೆಂದು ಬೀಗುತ್ತಿದ್ದರು.

ಹೆಡ್‌ಕ್ಲಾರ್ಕ್ ಕುರ್ಚಿ ಖಾಲಿಯಾದಾಗ ಇಲಾಖೆ ಇಂಗ್ಲಿಷ್ ವ್ಯಾಕರಣದ ಪರೀಕ್ಷೆ ಇಟ್ಟಿತು. ಐವತ್ತು ಪ್ರಶ್ನೆ, ಒಂದೇ ಥರ ಕಾಣುವ ಎರಡೆರಡು ಪದಗಳಲ್ಲಿ ಸರಿಯಾದದ್ದನ್ನು ಆರಿಸಬೇಕು. ಹೆಚ್ಚು ಅಂಕ ಬಂದವರಿಗೆ ಕುರ್ಚಿ. ಅವಳು ಅರ್ಧ ಗಂಟೆಯಲ್ಲಿ ಬರೆದು ಎದ್ದಳು.

ಫಲಿತಾಂಶ ಬಂದಾಗ ಉಗ್ರಾಣದ ಗುಮಾಸ್ತನಿಗೆ ನಲವತ್ತೊಂಬತ್ತು, ಅವಳಿಗೆ ನಲವತ್ತಾರು. ಆ ಗುಮಾಸ್ತ ರಜಾ ಅರ್ಜಿಯನ್ನೂ ಅವಳ ಕೈಯಲ್ಲೇ ಬರೆಸುತ್ತಿದ್ದವನು. ಅವಳು ನೋಟಿಸ್ ಬೋರ್ಡಿಗೆ ಅಂಟಿಸಿದ್ದ ಉತ್ತರಪಟ್ಟಿಯ ಮುಂದೆ ನಿಂತು ಒಂದೊಂದಾಗಿ ಓದಿದಳು. ನಾಲ್ಕು ಉತ್ತರ ತಪ್ಪು. ಅವಳದಲ್ಲ, ಪಟ್ಟಿಯದು. ಅದರ ಪ್ರಕಾರ ಶಾಲೆಯ ಗೇಟು ತೆಗೆದದ್ದು ಪ್ರಿನ್ಸಿಪಾಲರಲ್ಲ, ಅದೇ ಉಚ್ಚಾರದ ಇನ್ನೊಂದು ಪದ, ತತ್ವ. 'ಲೂಸ್' ಪದಕ್ಕೆ ಒಂದು 'ಓ' ಹೆಚ್ಚಾಗಿ, ಬೀಗದ ಕೈ ಕಳೆಯಬೇಡ ಎನ್ನಬೇಕಾದಲ್ಲಿ ಸಡಿಲ ಮಾಡಬೇಡ ಎಂದಿತ್ತು. ನೇರ ಪರೀಕ್ಷಾಧಿಕಾರಿಯ ಕೋಣೆಗೆ ಹೋದಳು.

ಅವನು ಪೆನ್ನಿನ ಮುಚ್ಚಳದಿಂದ ಕಿವಿ ಕೆರೆಯುತ್ತಿದ್ದ. ಅದೇ ಮುಚ್ಚಳವನ್ನು ಪೆನ್ನಿಗೆ ಸಿಕ್ಕಿಸಿ, ಬೆರಳಿಗೆ ಎಂಜಲು ಹಚ್ಚಿ ಅವಳ ಉತ್ತರ ಪತ್ರಿಕೆ ತಿರುವಿದ.

"ಸರ್, ಲಾರಿ ರಸ್ತೆ ಮಧ್ಯ ಅಲ್ಲಾಡದೆ ನಿಂತಿತ್ತು ಅನ್ನೋ ವಾಕ್ಯ ಇದು. ಈ ಸ್ಟೇಷನರಿಗೆ ಎನ್ ಆದ್ಮೇಲೆ 'ಎ' ಬರ್ಬೇಕು. ನಿಮ್ಮ ಪಟ್ಟೀಲಿ 'ಇ' ಇದೆ. ಹಾಗಂದ್ರೆ ಕಾಗದ, ಪೆನ್ನು, ಲಕೋಟೆ. ಲಾರಿ ಲಕೋಟೆ ಆಗಿತ್ತಾ?"

"ಒಂದಕ್ಷರಕ್ಕೆ ಇಷ್ಟು ರಗಳೆ ಯಾಕಮ್ಮ? ಗೈಡಲ್ಲಿ ಹಾಗೇ ಇದೆ."

ಮೇಜಿನ ಮೇಲಿದ್ದ ಗೈಡನ್ನು ಅವಳು ತೆರೆದಳು. ಐವತ್ತೂ ಪ್ರಶ್ನೆ ಅದರಿಂದಲೇ ಎತ್ತಿದ್ದು, ತಪ್ಪುಗಳ ಸಮೇತ. ಬರೆದವನು ಅಧಿಕಾರಿಯ ಭಾವಮೈದುನ. ಅರ್ಪಣೆಯ ಪುಟದಲ್ಲಿ ಭಾವನಿಗೆ ಉದ್ದುದ್ದ ನಮಸ್ಕಾರ ಬೇರೆ. ಗುಮಾಸ್ತ ಅದನ್ನು ಗಿಳಿಪಾಠ ಮಾಡಿದ್ದ.

ಮೇಲಿನ ಕಚೇರಿಗೆ ಬರೆಯುತ್ತೇನೆಂದು ಹೇಳಿ ಬಂದಿದ್ದ ಅವಳನ್ನು ವಾರದ ಬಳಿಕ ಮತ್ತೆ ಕರೆಸಿದರು. ಅಧಿಕಾರಿಯ ದನಿಯಲ್ಲಿ ಬೆಣ್ಣೆ. "ನಾಲ್ಕು ಕೃಪಾಂಕ ಕೊಡ್ತೀವಿ. ಐವತ್ತಕ್ಕೆ ಐವತ್ತು! ಕುರ್ಚಿ ನಿಮ್ಮದೇ. ಇಲ್ಲೊಂದು ಸಹಿ ಹಾಕಿ."

ಅವಳು ಕಾಗದ ಓದಿದಳು. 'ನನ್ನಿಂದ ನಾಲ್ಕು ತಪ್ಪುಗಳಾಗಿವೆ. ದಯವಿಟ್ಟು ಕೃಪೆ ತೋರಿ ಅಂಕ ನೀಡಬೇಕಾಗಿ ಬೇಡುತ್ತೇನೆ.' ಕಾಗದದ ಅಂಚಿನಲ್ಲಿ ಅವನ ಎಂಜಲಿನ ಬೆರಳಚ್ಚು ಇನ್ನೂ ಆರಿರಲಿಲ್ಲ.

"ನಾಳೆ ಹೇಳ್ತೀನಿ" ಎಂದು ಎದ್ದು ಬಂದು ನಲ್ಲಿಯಲ್ಲಿ ಎರಡು ಸಲ ಕೈ ತೊಳೆದಳು.

ಮನೆಯಲ್ಲಿ ಗಂಡ ದರ್ಜಿ. ಮುಂಬಾಗಿಲ ಕೋಣೆಯೇ ಅಂಗಡಿ. ಕಾಲರಿಗೆ ಹೊಲಿಗೆ ಹಾಕುತ್ತಲೇ ಕೇಳಿಸಿಕೊಂಡ. "ಸಹಿ ಹಾಕಿ ಬಿಸಾಕೇ. ಯಾರು ಓದ್ತಾರೆ ಅದನ್ನ?"

"ನಾನು ಓದಿದ್ದೀನಲ್ಲ."

"ಗಾದೆ ಗೊತ್ತಲ್ಲ? ಕತ್ತೆ ಕಾಲಾದ್ರೂ ಹಿಡಿ ಅಂತ."

"ಕಾಲು ಹಿಡೀಬಹುದು ಕಣ್ರೀ. ಕತ್ತೆ ಹತ್ರ ಹೋಗಿ ನಾನೇ ಕತ್ತೆ ಅಂತ ಬರೆದುಕೊಡೋಕಾಗಲ್ಲ."

ಗಂಡ ಯಂತ್ರ ನಿಲ್ಲಿಸಿ ನಕ್ಕ. ಆಮೇಲೆ ಅವಳ ಮುಖ ನೋಡಿ ನಗು ನುಂಗಿದ. ಅವಳಿಗೆ ಆ ಕುರ್ಚಿಯ ಆಸೆ ಇರಲಿಲ್ಲವೆಂದಲ್ಲ. ಸಂಜೆಯೆಲ್ಲ ಗುಂಡಿ ಹೊಲಿಯುತ್ತ ಕುಳಿತಳು.

ಮರುದಿನ ಆ ಕಾಗದವನ್ನು ಸಹಿಯಿಲ್ಲದೆ ಮೇಜಿನ ಮೇಲಿಟ್ಟಳು. "ಕೃಪೆ ಬೇಡ ಸರ್. ನನ್ನ ಅಂಕ ನಂಗೆ ಕೊಡಿ, ಪಟ್ಟಿ ತಪ್ಪು ಅಂತ ಬರೀರಿ."

"ಅದಾಗಲ್ಲ."

"ಹಾಗಾದ್ರೆ ಇದೂ ಆಗಲ್ಲ."

ಗುಮಾಸ್ತ ಹೆಡ್‌ಕ್ಲಾರ್ಕ್ ಆದ. ಅವಳು ಮೇಲಿನ ಕಚೇರಿಗೆ ಬರೆದ ದೂರಿಗೆ ಒಂದೂವರೆ ವರ್ಷದ ಮೇಲೆ ಎರಡು ಸಾಲಿನ ಉತ್ತರ ಬಂತು: ಪರಿಶೀಲಿಸಲಾಗಿದೆ, ಉತ್ತರಪಟ್ಟಿಯೇ ಅಂತಿಮ. ಗೈಡು ಮಾತ್ರ ಮೂರನೆಯ ಮುದ್ರಣ ಕಂಡಿತು.

ನಿವೃತ್ತಿಯವರೆಗೆ ಅವಳು ಟೈಪಿಸ್ಟಾಗಿಯೇ ಉಳಿದಳು. ಕೊನೆಯ ವರ್ಷ ಹೊಸದಾಗಿ ಬಂದ ಹುಡುಗಿಯೊಬ್ಬಳು ಕೇಳಿದಳು, "ಹೊಟ್ಟೆ ಉರಿಯಲ್ವಾ ಅಕ್ಕಾ?"

"ಹೊಟ್ಟೆ ಉರಿ ಯಾವತ್ತೋ ಆರ್ತು. ಆ ಕಾಗದ ನೆನಪಾದ್ರೆ ವಾಕರಿಕೆ ಮಾತ್ರ ಈಗ್ಲೂ ಬರತ್ತೆ" ಎಂದು ಟೈಪಿಸ್ಟಕ್ಕ ಊಟದ ಡಬ್ಬಿಯ ಮುಚ್ಚಳ ಮುಚ್ಚಿದಳು.